ನಲವತ್ತೇಳನೆಯ ಕಲ್ಲು

ಜೂನ್ 12

ಪುಟ್ಟಿ,

ಫೋನಿನಲ್ಲಿ ಮಾತಾಡಿದರೆ ಎರಡನೇ ನಿಮಿಷಕ್ಕೆ ನಾವಿಬ್ಬರೂ ಜಗಳಕ್ಕೆ ಬೀಳುತ್ತೇವೆ. ಅದಕ್ಕೇ ಕಾಗದ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ, ನಾನು ಕಿರುಚುವ ಹಾಗಿಲ್ಲ. ಇದು ನಿನ್ನ ಅತ್ತಿಗೆ ಕೊಟ್ಟ ಉಪಾಯ.

ನೀನು ಕೆಲಸ ಮಾಡುವ ಘನ ರಸ್ತೆ ಪ್ರಾಧಿಕಾರ ಮೊನ್ನೆ ನಮಗೆಲ್ಲ ಪಾಠ ಮಾಡಿತು. ಚಾಲಕ ಸುರಕ್ಷತಾ ತರಬೇತಿಯಂತೆ. ಹತ್ತೊಂಬತ್ತು ವರ್ಷದಿಂದ ಹಾಲಿನ ಟ್ಯಾಂಕರ್ ಓಡಿಸುತ್ತಿರುವ ನನ್ನನ್ನು ಮಕ್ಕಳು ಕೂರುವ ಬೆಂಚಿನ ಮೇಲೆ ಕೂರಿಸಿ, ಕೆಂಪು ದೀಪ ಬಂದರೆ ನಿಲ್ಲಬೇಕು ಅಂತ ಒಂದು ಸಿನಿಮಾ ತೋರಿಸಿದರು. ಎರಡು ಬಿಸ್ಕತ್ತು, ಅರ್ಧ ಲೋಟ ಚಹಾ, ಕೊನೆಯಲ್ಲಿ ಬಲಗೈ ಮುಂದೆ ಚಾಚಿ ಪ್ರತಿಜ್ಞೆ. ಪಾಠ ಹೇಳಿದ ಅಧಿಕಾರಿಗೆ ಸ್ವಂತ ಕಾರು ಹಿಂದಕ್ಕೆ ತೆಗೆಯಲು ಬರಲಿಲ್ಲ. ಹೋಗುವಾಗ ನಮ್ಮವನೇ ಒಬ್ಬ ಇಳಿದು ತೆಗೆದುಕೊಟ್ಟ.

ನಮ್ಮ ಡೇರಿಯ ಇನ್ನೊಂದು ಟ್ಯಾಂಕರ್ ಓಡಿಸುವ ಮೇಷ್ಟ್ರು ನಿನಗೆ ಗೊತ್ತಲ್ಲ. ಶಾಲೆಯ ಮೇಷ್ಟ್ರಲ್ಲ ಮಾರಾಯ್ತಿ, ಕಂಡಕಂಡವರ ಲಾರಿ ಹಿಂದಿನ ಕಾಗುಣಿತ ತಿದ್ದುತ್ತಾರೆ ಅಂತ ಆ ಹೆಸರು. ಅವರು ಎದ್ದು ನಿಂತು ಕೇಳಿದರು, "ಸಾರ್, ಒಂದು ಡೌಟು. ತಿರುವಲ್ಲಿ ರಸ್ತೆ ಒಳಗಡೆ ವಾಲ್ಬೇಕೋ ಹೊರಗಡೆ ವಾಲ್ಬೇಕೋ?" ಅಧಿಕಾರಿ ಪುಸ್ತಕ ತಿರುಗಿಸಿ ತಿರುಗಿಸಿ, "ಪ್ರಶ್ನೆ ಇದ್ದರೆ ಬರೆದು ಕೊಡಿ" ಅಂದ.

ಬರೆದೇ ಕೊಟ್ಟಿದ್ದೇವೆ! ಸೊಂಟಮುರುಕ ತಿರುವಿನ ಬಗ್ಗೆ ಮೂರು ಸಲ ಬರೆದಿದ್ದೇವೆ. ಅಲ್ಲಿ ರಸ್ತೆ ಹಳ್ಳದ ಕಡೆಗೆ ವಾಲಿದೆ. ಟ್ಯಾಂಕರ್ ಅರ್ಧ ಖಾಲಿ ಇದ್ದರೆ ಒಳಗಿನ ಹಾಲು ಒಂದೇ ಬದಿಗೆ ನುಗ್ಗಿ ಗಾಡಿಯನ್ನೇ ಎಳೆಯುತ್ತದೆ. ಅಂಚಿಗೆ ಒಂದು ತಡೆಗೋಡೆ ಇಲ್ಲ, ಹೊಳೆಯುವ ಒಂದು ಪಟ್ಟಿ ಇಲ್ಲ. ಎಂಟು ವರ್ಷದಲ್ಲಿ ಐದು ಗಾಡಿ ಕೆಳಗೆ ಹೋಗಿವೆ. ನಾವು ಕೇಳಿದ್ದು ಒಂದು ಕಬ್ಬಿಣದ ತಡೆಗೋಡೆ. ಬಂದದ್ದು ಒಂದು ಅಚ್ಚು ಹಾಕಿದ ಚೀಟಿ: "ಸ್ಥಳದ ವಿವರ ಸ್ಪಷ್ಟವಾಗಿಲ್ಲದ ಕಾರಣ ತಮ್ಮ ಅಹವಾಲನ್ನು ಪರಿಶೀಲಿಸಲಾಗಿಲ್ಲ. ನಿಧಾನವಾಗಿ ಚಲಿಸಿ, ಸುರಕ್ಷಿತವಾಗಿ ತಲುಪಿ." ಯಾವ ಪುಣ್ಯಾತ್ಮರು ಇದನ್ನು ಕವರಿಗೆ ಹಾಕಿ ಅಂಟಿಸಿದರೋ, ಅವರನ್ನು ಒಂದು ದಿನ ನನ್ನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಆ ತಿರುವು ದಾಟಿಸಬೇಕು.

ನೀನು ಅಲ್ಲಿ ಕಾಗದ ಪೆನ್ಸಿಲಿನ ಉಗ್ರಾಣ ನೋಡಿಕೊಳ್ಳುವವಳು, ನಿನ್ನ ಮೇಲೆ ಕೂಗಿ ಪ್ರಯೋಜನವಿಲ್ಲ ಅಂತ ಗೊತ್ತು. ಆದರೂ ಯಾರದಾದರೂ ಕಿವಿಗೆ ಹಾಕು. ಮಂಜು ಬೀಳುವ ತಿಂಗಳುಗಳು ಬರುವುದರೊಳಗೆ ಆ ತಡೆ ಆಗಬೇಕು.

ಮೇಷ್ಟ್ರು ಕೇಳಿದರು ಅಂತ ಹೇಳು ಅಂದರು. ಏನು ಕೇಳಿದರು ಅಂದರೆ, ಸುಮ್ಮನೆ ಕೇಳಿದೆ ಅಂತ ಹೇಳು ಅಂದರು. ಅವರ ಮಾತೇ ಹಾಗೆ.

ಅಣ್ಣ


ಜೂನ್ 24

ಅಣ್ಣಾ,

ನಿನ್ನ ಕಾಗದ ಓದುವಾಗಲೂ ಕಿವಿ ಮುಚ್ಚಿಕೊಳ್ಳಬೇಕಾಯಿತು. ಅಷ್ಟು ಕಿರುಚಿದ್ದೀಯ.

ಇಲ್ಲಿ ಎಲ್ಲ ಹಾಗೇ ಇದೆ. ಮೂರನೇ ಮಹಡಿ, ತೆರೆಯಲು ಬಾರದ ಕಿಟಕಿ, ತಿರುಗುವಾಗ ಕಿರ್ ಎನ್ನುವ ಫ್ಯಾನು. ನಮ್ಮ ಮುಖ್ಯಸ್ಥರಿಗೆ ನಾವು ಮುದ್ರೆ ಸಾಹೇಬರು ಅನ್ನುತ್ತೇವೆ. ಕಚೇರಿಯ ಮುದ್ರೆಯನ್ನು ಇನ್ನೊಬ್ಬರು ಮುಟ್ಟಿದರೆ ಜೀವ ಹೋದವರ ಹಾಗೆ ಆಡುತ್ತಾರೆ, ಊಟಕ್ಕೂ ಜೇಬಿನಲ್ಲಿ ಇಟ್ಟುಕೊಂಡೇ ಹೋಗುತ್ತಾರೆ. ಹನ್ನೊಂದು ವರ್ಷ ದಿನಗೂಲಿ ಮಾಡಿದ ನಮ್ಮನ್ನು ಖಾಯಂ ಮಾಡುವ ಪಟ್ಟಿ ಡಿಸೆಂಬರಿನಲ್ಲಿ ಬರುತ್ತದಂತೆ. ಹೆಸರು ಸೇರಿಸುವುದು, ಬಿಡುವುದು ಅವರ ಕೈಯಲ್ಲೇ ಇದೆ. ಅದಕ್ಕೇ ಅವರು ಕೆಮ್ಮಿದರೂ ನಾವು ನೀರು ತಂದುಕೊಡುತ್ತೇವೆ.

ನಿನ್ನ ವಿಷಯ. ಅಹವಾಲು ವಿಭಾಗದಲ್ಲಿ ನನಗೆ ಗೊತ್ತಿರುವವರೊಬ್ಬರಿದ್ದಾರೆ. ಅವರು ಹೇಳಿದ್ದು ಇಷ್ಟು: ಸೊಂಟಮುರುಕ ಎನ್ನುವ ಹೆಸರು ನಿಮ್ಮ ಬಾಯಲ್ಲಿದೆ, ಕಚೇರಿಯ ಪುಸ್ತಕದಲ್ಲಿಲ್ಲ. ನಮೂನೆಯಲ್ಲಿ ತಿರುವು, ಹಳ್ಳ ಅಂತ ಬರೆಯಲು ಜಾಗವೇ ಇಲ್ಲ. ಕಿಲೋಮೀಟರ್ ಸಂಖ್ಯೆಗೆ ಒಂದು ಪುಟ್ಟ ಚೌಕ ಇದೆ, ಅಷ್ಟೇ. ಆ ಚೌಕ ಖಾಲಿ ಇದ್ದರೆ ನಾಲ್ಕನೇ ನಂಬರಿನ ಚೀಟಿ ಹೋಗುತ್ತದೆ, ನಿನಗೆ ಬಂದದ್ದು ಅದೇ. ಕಳಿಸಿದವರ ತಪ್ಪು ಅಂತ ಅಂದುಕೊಳ್ಳಬೇಡ. ರಸ್ತೆ ಬದಿಯ ಕಲ್ಲಿನ ಮೇಲೆ ಏನಿದೆ ನೋಡಿ ಬರೆ. ಮಿಕ್ಕದ್ದನ್ನು ನಾನು ನೋಡುತ್ತೇನೆ.

ಮೇಷ್ಟ್ರ ಕೆಮ್ಮು ಹೋಯಿತೇ? ನಿನಗೊಂದು ಮಫ್ಲರ್ ಹೆಣೆದಿದ್ದೇನೆ. ಉಣ್ಣೆ ಉಳಿಯಿತು ಅಂತ ಅವರಿಗೂ ಒಂದು ಹೆಣೆದೆ. ಇದರ ಜೊತೆಗೇ ಎರಡನ್ನೂ ಕಳಿಸಿದ್ದೇನೆ. ಉಳಿದ ಉಣ್ಣೆಯದು ಅಂತ ಹೇಳಿಯೇ ಕೊಡು.

ಪುಟ್ಟಿ


ಜುಲೈ 3

ಪುಟ್ಟಿ,

ನಂಬರು ಸಿಕ್ಕಿತು. ನಲವತ್ತೇಳು.

ಮೇಷ್ಟ್ರೇ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಇಳಿದು ಹೋದರು. ಕಲ್ಲಿಗೆ ಪಾಚಿ ಹಿಡಿದು ಮುಖವೇ ಕಾಣುತ್ತಿರಲಿಲ್ಲವಂತೆ. ಬಾಟಲಿಯ ನೀರು ಸುರಿದು, ಕೈವಸ್ತ್ರದಿಂದ ಉಜ್ಜಿ ಉಜ್ಜಿ ತೊಳೆದರು. ಹಿಂದೆ ಸಾಲಾಗಿ ಹಾರ್ನ್ ಹೊಡೆಯುತ್ತಿದ್ದರೆ, "ಸ್ವಲ್ಪ ತಡ್ಕೊಳ್ರಪ್ಪ, ಅಕ್ಷರ ಕಾಣ್ತಿಲ್ಲ" ಅಂತ ಕೂತಲ್ಲಿಂದಲೇ ಗದರಿದರು. ನಲವತ್ತೇಳು ಅಂತ ಅಂಗೈಯಲ್ಲಿ ಬರೆದುಕೊಂಡು ಬಂದು ನನಗೆ ತೋರಿಸಿದರು. ತಪ್ಪಾಗಬಾರದು ಅಂತ ಮಾರನೇ ದಿನ ಇನ್ನೊಂದು ಸಲ ನೋಡಿಕೊಂಡು ಬಂದರು.

ಅರ್ಜಿ ಹೊಸದಾಗಿ ಬರೆದಿದ್ದೇವೆ. ಅರವತ್ತಮೂರು ಚಾಲಕರ ಸಹಿ ಇದೆ. ನಾಲ್ಕು ಹೆಬ್ಬೆಟ್ಟಿಗೆ ಶಾಯಿ ಸಿಗದೆ ಡೀಸೆಲ್ ಮಸಿಯಲ್ಲೇ ಒತ್ತಿದ್ದಾರೆ, ಮೂಗಿನ ಹತ್ತಿರ ಹಿಡಿಯಬೇಡ. ಅದನ್ನು ನಿನಗೇ ಕಳಿಸುತ್ತಿದ್ದೇನೆ, ನಿನ್ನ ಗುರುತಿನವರ ಕೈಗೆ ನೀನೇ ಕೊಡು. ಪ್ರಾಧಿಕಾರಕ್ಕೆ ನೇರವಾಗಿ ಹಾಕಿದರೆ ಮತ್ತೆ ನಿಧಾನವಾಗಿ ಚಲಿಸಿ ಅನ್ನುತ್ತಾರೆ.

ಇಲ್ಲಿ ಇನ್ನೊಂದು ತಮಾಷೆ. ತಿರುವಿಗೆ ಮೊದಲು ನೆಟ್ಟಗಿರುವ ರಸ್ತೆಯಲ್ಲಿ ವೇಗ ಹಿಡಿಯುವ ಕ್ಯಾಮೆರಾ ಹಾಕಿದ್ದಾರೆ. ಅಂದರೆ ಕ್ಯಾಮೆರಾಕ್ಕೆ ದುಡ್ಡಿದೆ, ಕಬ್ಬಿಣಕ್ಕಿಲ್ಲ. ನಾವು ಬೀಳುವುದನ್ನು ನೋಡಲು ಆಸೆ, ಹಿಡಿಯಲು ಆಸೆಯಿಲ್ಲ.

ಮಫ್ಲರ್ ತಲುಪಿತು. ಅಲ್ಲ ಕಣೇ, ಉಳಿದ ಉಣ್ಣೆಯಲ್ಲಿ ಹೆಣೆದದ್ದು ನನ್ನದಕ್ಕಿಂತ ಒಂದು ಮೊಳ ಉದ್ದ ಇದೆಯಲ್ಲ, ಇದು ಯಾವ ಲೆಕ್ಕ? ನಿನ್ನ ಅತ್ತಿಗೆ ನೋಡಿ ನಕ್ಕಳು. ಯಾಕೆ ನಕ್ಕೆ ಅಂದರೆ, ನಿಮಗೆ ಗಾಡಿ ಒಂದು ಬಿಟ್ಟು ಏನೂ ಅರ್ಥವಾಗಲ್ಲ ಅಂದಳು. ಮೇಷ್ಟ್ರು ಎಂಜಿನ್ನಿನ ಸೆಕೆಯಲ್ಲೂ ಅದನ್ನು ಸುತ್ತಿಕೊಂಡು ಓಡಾಡುತ್ತಿದ್ದಾರೆ. ಮದುವೆ ಅನ್ನುವ ಗೇರನ್ನೇ ಹಾಕದ ಮನುಷ್ಯ, ತಾಯಿ ಹೋದ ಮೇಲೆ ಒಬ್ಬರೂ ಏನೂ ಕೊಟ್ಟಿರಲಿಲ್ಲವೇನೋ ಪಾಪ.

ಅಣ್ಣ


ಸೆಪ್ಟೆಂಬರ್ 9

ಅಣ್ಣಾ,

ಆಯಿತು! ಮಂಜೂರಾಯಿತು! ನೂರಿಪ್ಪತ್ತು ಮೀಟರ್ ಕಬ್ಬಿಣದ ತಡೆಗೋಡೆ, ಹೊಳೆಯುವ ಪಟ್ಟಿಯ ಸಮೇತ. ಅಕ್ಟೋಬರ್ ಮುಗಿಯುವುದರೊಳಗೆ ಹಾಕಿ ಮುಗಿಸುತ್ತಾರೆ.

ಈಗ ಒಂದು ವಿಷಯ ಹೇಳುತ್ತೇನೆ, ಬೈಯಬೇಡ. ನಾನು ಉಗ್ರಾಣದಲ್ಲಿಲ್ಲ. ಜನವರಿಯಿಂದ ಅಹವಾಲು ವಿಭಾಗದಲ್ಲೇ ಇದ್ದೇನೆ. ನಿನಗೆ ಹೇಳಿದರೆ ದಿನಾ ಒಂದು ಅರ್ಜಿ ಕಳಿಸುತ್ತೀಯ ಅಂತ ಸುಮ್ಮನಿದ್ದೆ. ಆ ನಾಲ್ಕನೇ ನಂಬರಿನ ಚೀಟಿಯನ್ನು ಕವರಿಗೆ ಹಾಕಿ ಅಂಟಿಸಿದ ಪುಣ್ಯಾತ್ಮಳು ನಾನೇ. ದಿನಕ್ಕೆ ನಲವತ್ತು ಕವರು ಅಂಟಿಸುತ್ತೇನೆ ಅಣ್ಣಾ, ವಿಳಾಸದಲ್ಲಿ ನಿನ್ನ ಹೆಸರು ಇದ್ದದ್ದು ನೋಡಿದ್ದೆ. ನೋಡಿಯೂ ಅಂಟಿಸಿದೆ. ನಿನ್ನ ಕಾಗದ ಬಂದ ದಿನ ಊಟ ಸೇರಲಿಲ್ಲ.

ಅದಕ್ಕೇ ಈ ಸಲ ಕಡತವನ್ನು ಯಾರ ಕೈಗೂ ಬಿಡಲಿಲ್ಲ. ನಮೂನೆ ನಾನೇ ತುಂಬಿದೆ, ಚೌಕದಲ್ಲಿ 47 ಅಂತ ನನ್ನ ಕೈಯಾರೆ ಬರೆದೆ. ಮುದ್ರೆ ಸಾಹೇಬರ ಮೇಜಿನ ಮುಂದೆ ಎರಡು ಮಧ್ಯಾಹ್ನ ನಿಂತೆ. "ಏನಮ್ಮಾ, ನಿಮ್ಮಣ್ಣನ ತಿರುವಾ ಇದು?" ಅಂತ ಹಂಗಿಸಿದರೂ ಕೊನೆಗೆ ಜೇಬಿನಿಂದ ಮುದ್ರೆ ತೆಗೆದು ಒತ್ತಿದರು. ಆ ಸದ್ದು ಕೇಳಿ ನನಗೆ ಕುಣಿಯುವ ಹಾಗಾಯಿತು.

ಮೇಷ್ಟ್ರಿಗೆ ಹೇಳು, ಅವರು ತೊಳೆದ ಕಲ್ಲು ಕೆಲಸಕ್ಕೆ ಬಂತು ಅಂತ. ತಡೆ ಹಾಕಿದ ಮೇಲೆ ನಾನು ಒಂದು ಸಲ ಊರಿಗೆ ಬಂದು ನೋಡಬೇಕು. ತಡೆಗೋಡೆಯನ್ನು.

ಪುಟ್ಟಿ


ಅಕ್ಟೋಬರ್ 30

ಪುಟ್ಟಿ,

ನೀನು ಕವರು ಅಂಟಿಸಿದ್ದನ್ನು ಕ್ಷಮಿಸಿದ್ದೇನೆ. ನಿನ್ನ ಕಚೇರಿಯನ್ನು ಕ್ಷಮಿಸಲಾರೆ.

ತಡೆಗೋಡೆ ಬಂತು. ಸೊಂಟಮುರುಕದಲ್ಲಲ್ಲ. ಅಲ್ಲಿಂದ ನಾಲ್ಕು ಕಿಲೋಮೀಟರ್ ಆಚೆ, ಐವತ್ತೊಂದನೇ ಕಲ್ಲಿನ ಹತ್ತಿರ! ಅಲ್ಲಿ ರಸ್ತೆ ದಾರ ಹಿಡಿದು ಎಳೆದಷ್ಟು ನೆಟ್ಟಗಿದೆ. ಎಡಕ್ಕೂ ಬಲಕ್ಕೂ ಸಮತಟ್ಟಾದ ಬಯಲು, ಬಿದ್ದರೂ ಹುಲ್ಲಿನ ಮೇಲೆ ಬೀಳಬೇಕು. ಅಲ್ಲಿ ನೂರಿಪ್ಪತ್ತು ಮೀಟರ್ ಥಳಥಳ ಹೊಳೆಯುವ ಕಬ್ಬಿಣ. ನಾನು ಹೋದಾಗ ಒಂದು ಹಸು ಅದಕ್ಕೆ ಬೆನ್ನು ಉಜ್ಜಿಕೊಳ್ಳುತ್ತಿತ್ತು. ನಿಮ್ಮ ಪ್ರಾಧಿಕಾರದ ಯೋಜನೆಯಿಂದ ಉಪಕಾರವಾದದ್ದು ಅದಕ್ಕೊಂದಕ್ಕೇ.

ಮೊದಲು ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಚಹಾದಂಗಡಿಯಲ್ಲಿ ಕೆಲವರು ಅರ್ಜಿಗೆ ಸಹಿ ಹಾಕಿದ ನಮ್ಮನ್ನೇ ಬೈದರು. ಕಂಟ್ರಾಕ್ಟರ್ ಕುಡಿದು ಬಂದಿದ್ದನೋ ಏನೋ. ಮೇಷ್ಟ್ರು ಮಾತ್ರ, "ಏನೋ ತಪ್ಪಾಗಿದೆ ಬಿಡಿ. ನಿಮ್ಮ ತಂಗಿಗೆ ಬರೀರಿ, ಅವರು ನೋಡ್ಕೋತಾರೆ" ಅಂದರು. ನಿನ್ನ ಮೇಲೆ ಆ ಮನುಷ್ಯನಿಗೆ ಅದೇನು ಭರವಸೆಯೋ.

ಹೋಗಿ ಹೇಳು. ಬೋಲ್ಟು ಬಿಚ್ಚಿ ತಂದು ಇಲ್ಲಿ ಹಾಕಲಿ, ಎರಡು ದಿನದ ಕೆಲಸ. ಬೆಳಗಿನ ಮಂಜು ಶುರುವಾಗಿದೆ. ಆರು ಗಂಟೆಗೆ ಬಾನೆಟ್ಟಿನ ತುದಿ ಕಾಣುವುದಿಲ್ಲ. ತಿರುವು ಬಂತು ಅಂತ ನಾವು ತಿಳಿದುಕೊಳ್ಳುವುದು ಎಂಜಿನ್ನಿನ ಸದ್ದು ಹಳ್ಳಕ್ಕೆ ಬಡಿದು ವಾಪಸ್ಸು ಬರುವುದರಿಂದ.

ಬೇಗ ಉತ್ತರ ಬರೆ.

ಅಣ್ಣ


ನವೆಂಬರ್ 8

ಅಣ್ಣಾ,

ನಿನ್ನ ಕಾಗದ ಮೂರನೇ ತಾರೀಖಿಗೇ ಬಂತು. ಕೆಲಸ ಜಾಸ್ತಿ, ಬರೆಯಲಾಗಲಿಲ್ಲ.

ವಿಚಾರಿಸಿದ್ದೇನೆ. ಮೇಲಿನವರಿಗೆ ತಿಳಿಸಿದ್ದೇನೆ. ಸ್ವಲ್ಪ ದಿನ ಹಿಡಿಯಬಹುದು, ತಾಳ್ಮೆಯಿರಲಿ. ಕಂಟ್ರಾಕ್ಟರನದೇ ಏನೋ ಎಡವಟ್ಟು ಇರಬೇಕು.

ಇಲ್ಲೂ ಚಳಿ. ಕಚೇರಿಯ ಗೋಡೆಗೆ ಹೊಸ ಬಣ್ಣ ಹೊಡೆಯುತ್ತಿದ್ದಾರೆ, ವಾಸನೆಗೆ ತಲೆನೋವು. ಅತ್ತಿಗೆಯ ಮಂಡಿನೋವು ಹೇಗಿದೆ? ನೀನು ಎಲ್ಲಾದರೂ ಸಿಟ್ಟಿನಲ್ಲಿ ಮೇಲಧಿಕಾರಿಗಳಿಗೆ ನೇರ ಕಾಗದ ಬರೆದೀಯ, ಡಿಸೆಂಬರ್‌ವರೆಗೂ ಬೇಡ. ನನ್ನ ಮೇಲೆ ಬಿಡು.

ಮಂಜು ಇರುವ ದಿನ ಮೇಷ್ಟ್ರಿಗೆ ಬೆಳಗಿನ ಪಾಳಿ ಬೇಡ ಅನ್ನು. ನೀನೂ ಹೋಗಬೇಡ.

ಪುಟ್ಟಿ


ನವೆಂಬರ್ 29

ಪುಟ್ಟಿ,

ಮೇಷ್ಟ್ರು ಹೋದರು. ನಿನ್ನೆ ಬೆಳಗ್ಗೆ ಆರೂಕಾಲಿಗೆ, ಸೊಂಟಮುರುಕದಲ್ಲಿ. ಅರ್ಧ ಲೋಡು ಇತ್ತು. ಹಳ್ಳದ ನೀರೆಲ್ಲ ಹಾಲಾಗಿತ್ತು. ಮೇಲೆ ತರಲು ಹನ್ನೊಂದು ಗಂಟೆಯಾಯಿತು. ನಾವೇ ಇಳಿದು ಎತ್ತಿದೆವು.

ನಾಳೆ ಬೆಳಗ್ಗೆ ಮಣ್ಣು. ಅವರಿಗೆ ಯಾರೂ ಇಲ್ಲ, ನಾವೇ ಎಲ್ಲ. ಈ ಕಾಗದವನ್ನು ಬಸ್ಸಿನವನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ, ಸಂಜೆಯೊಳಗೆ ಸಿಗುತ್ತದೆ. ಬಾ.

ಅಣ್ಣ


ಡಿಸೆಂಬರ್ 18

ರಸ್ತೆ ಪ್ರಾಧಿಕಾರ, ಅಹವಾಲು ವಿಭಾಗ
ನಮೂನೆ 7

ಮಾನ್ಯರೇ,

ತಮ್ಮ ದಿನಾಂಕ ಡಿಸೆಂಬರ್ 6ರ ಅಹವಾಲನ್ನು ಪರಿಶೀಲಿಸಲಾಗಿದೆ. ಪೊಲೀಸ್ ವರದಿಯಂತೆ ಅಪಘಾತವು ಕಿ.ಮೀ. 47ರಲ್ಲಿ ಸಂಭವಿಸಿರುತ್ತದೆ. ಕಚೇರಿಯ ದಾಖಲೆಯಂತೆ ಸದರಿ ಕಿ.ಮೀ. 47ರಲ್ಲಿ ತಡೆಗೋಡೆಯನ್ನು ಅಕ್ಟೋಬರ್ ತಿಂಗಳಲ್ಲೇ ಅಳವಡಿಸಲಾಗಿರುತ್ತದೆ. ಆದ್ದರಿಂದ ಘಟನೆಗೆ ಚಾಲಕರ ಅಜಾಗರೂಕತೆಯೇ ಕಾರಣವೆಂದು ತೀರ್ಮಾನಿಸಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ.

ನಿಧಾನವಾಗಿ ಚಲಿಸಿ, ಸುರಕ್ಷಿತವಾಗಿ ತಲುಪಿ.

(ಮುದ್ರೆ)


ಡಿಸೆಂಬರ್ 27

ಪುಟ್ಟಿ,

ನಿನ್ನ ಕಚೇರಿಯ ಚೀಟಿ ಬಂತು. ಮಣ್ಣಿಗೆ ನೀನು ಬರಲಿಲ್ಲ, ಚೀಟಿ ಬಂತು.

ಎಲ್ಲ ಅಚ್ಚಿನಲ್ಲಿದೆ. ದಿನಾಂಕ, ಸಂಖ್ಯೆ ಮಾತ್ರ ಕೈಯಲ್ಲಿ ತುಂಬಿದ್ದಾರೆ. 47 ಎರಡು ಕಡೆ ಇದೆ. ಎರಡು ಕಡೆಯೂ ಏಳಕ್ಕೆ ನಡುವೆ ಒಂದು ಅಡ್ಡಗೆರೆ ಇದೆ. ಒಂದಕ್ಕೂ ಏಳಕ್ಕೂ ಯಾವತ್ತೂ ತಪ್ಪಾಗಬಾರದು ಅಂತ ಅಪ್ಪ ನಮ್ಮಿಬ್ಬರಿಗೂ ಸ್ಲೇಟಿನ ಮೇಲೆ ತಿದ್ದಿಸಿದ ಏಳು ಅದು. ಈ ದೇಶದಲ್ಲಿ ಹಾಗೆ ಬರೆಯುವವರನ್ನು ನಾನು ಬೇರೆ ಒಬ್ಬರನ್ನೂ ನೋಡಿಲ್ಲ.

ತಡೆ ಇತ್ತಂತೆ. ತಡೆ ಇದ್ದೂ ಮೇಷ್ಟ್ರು ಅದನ್ನು ಮುರಿದುಕೊಂಡು ಹೋದರಂತೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಕನ್ನಡಿ ಒಡೆದವರಲ್ಲ ಅವರು. ಆ ಚೀಟಿಯನ್ನು ಚಹಾದಂಗಡಿಯಲ್ಲಿ ಯಾರೋ ಗೋಡೆಗೆ ಅಂಟಿಸಿದ್ದರು. ಹರಿದು ತಂದಿದ್ದೇನೆ. ಇನ್ನು ನನಗೆ ಏನೂ ಬರೆಯಬೇಡ.

ಅಣ್ಣ


ಜನವರಿ 2

ಅಣ್ಣಾ,

ಬರೆಯಬೇಡ ಅಂದಿದ್ದೀಯ. ಇದೊಂದನ್ನು ಓದಿಬಿಡು, ಆಮೇಲೆ ನಿನ್ನ ಇಷ್ಟ.

ಆ ಏಳು ನನ್ನದೇ. ಗೊತ್ತಿಲ್ಲದೆ ಬರೆದೆ ಅಂತ ಹೇಳುವ ಆಸೆಯಿದೆ, ಆದರೆ ಗೊತ್ತಿದ್ದೇ ಬರೆದೆ.

ಎರಡು ವರ್ಷದ ಹಿಂದೆ ಊರಾಚೆ ಹೊಸ ಬೈಪಾಸ್ ರಸ್ತೆ ತೆರೆದರಲ್ಲ, ಅದರಿಂದ ನಿಮ್ಮ ರಸ್ತೆ ನಾಲ್ಕು ಕಿಲೋಮೀಟರ್ ಕಡಿಮೆಯಾಯಿತು. ಕಚೇರಿಯ ಪುಸ್ತಕದಲ್ಲಿ ಎಲ್ಲ ನಂಬರುಗಳನ್ನೂ ಅವತ್ತೇ ನಾಲ್ಕು ಇಳಿಸಿ ಬರೆದರು. ರಸ್ತೆಯ ಮೇಲಿನ ಕಲ್ಲುಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ. "ಅನುದಾನ ಬಂದ ನಂತರ ಬದಲಿಸುವುದು" ಅಂತ ಒಂದು ಸಾಲು ಬರೆದು ಸುಮ್ಮನಾದರು. ಮೇಷ್ಟ್ರು ತೊಳೆದ ನಲವತ್ತೇಳನೇ ಕಲ್ಲು ನಮ್ಮ ಪುಸ್ತಕದಲ್ಲಿ ನಲವತ್ತಮೂರು. ನಮ್ಮ ನಲವತ್ತೇಳು ಆ ಹಸು ನಿಂತಿದ್ದ ಬಯಲು. ಕಂಟ್ರಾಕ್ಟರ್ ಕುಡಿದಿರಲಿಲ್ಲ ಅಣ್ಣಾ. ನಾನು ಬರೆದ ನಂಬರಿನಲ್ಲೇ ಸರಿಯಾಗಿ ಹಾಕಿದ.

ಇದು ನನಗೆ ಗೊತ್ತಾದದ್ದು ನವೆಂಬರ್ ಮೂರಕ್ಕೆ, ನಿನ್ನ ಕಾಗದ ಓದಿದ ಅರ್ಧ ಗಂಟೆಯಲ್ಲಿ. ಹಳೆಯ ಪುಸ್ತಕ ತೆಗೆದು ನೋಡಿದೆ, ಅಷ್ಟೇ ಕೆಲಸ. ಜುಲೈಯಲ್ಲೇ ತೆಗೆಯಬಹುದಿತ್ತು. ಮುದ್ರೆ ಸಾಹೇಬರ ಹತ್ತಿರ ಓಡಿದೆ. ಅವರು ಬಾಗಿಲು ಹಾಕಿಕೊಂಡು ಮೆಲ್ಲಗೆ ಹೇಳಿದರು, "ಕೆಲಸ ಸರಿಯಾಗಿದೆ ಅಂತ ನಾನು ಸಹಿ ಹಾಕಿ ಆಯ್ತು. ನಮೂನೆ ತುಂಬಿದ್ದು ನೀವು. ಈಗ ತಪ್ಪು ಅಂದ್ರೆ ಪಟ್ಟಿಯಲ್ಲಿ ನಿಮ್ಮ ಹೆಸರು ಇರಲ್ಲಮ್ಮ. ಪಟ್ಟಿ ಬರ್ಲಿ, ಆಮೇಲೆ ನೋಡೋಣ." ಒಂದು ತಿಂಗಳು ತಾನೇ ಅಂದುಕೊಂಡೆ. ಮೇಲಿನವರಿಗೆ ತಿಳಿಸಿದ್ದೇನೆ ಅಂತ ನಿನಗೆ ಬರೆದದ್ದು ಸುಳ್ಳು. ನಿನ್ನನ್ನು ನೇರವಾಗಿ ಬರೆಯಬೇಡ ಅಂದದ್ದು ನನ್ನ ಹೆಸರು ಉಳಿಸಿಕೊಳ್ಳಲು. ಇಪ್ಪತ್ತೈದು ದಿನ ಸುಮ್ಮನಿದ್ದೆ. ದಿನಾ ಬೆಳಗ್ಗೆ ಎದ್ದು ಮೊದಲು ಕಿಟಕಿಯಾಚೆ ಮಂಜು ಇದೆಯೇ ಅಂತ ನೋಡುತ್ತಿದ್ದೆ.

ಮೇಷ್ಟ್ರು ಹೋದ ಸುದ್ದಿಯ ಕಾಗದ ಆವತ್ತೇ ಸಂಜೆ ತಲುಪಿತು. ಚೀಲಕ್ಕೆ ಬಟ್ಟೆ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಹೋದೆ. ಎರಡು ಬಸ್ಸು ಬಿಟ್ಟೆ. ಯಾವ ಮುಖ ಹೊತ್ತುಕೊಂಡು ಬರಲಿ? ಅವರು ನೋಡ್ಕೋತಾರೆ ಅಂದಿದ್ದರಲ್ಲ ಮೇಷ್ಟ್ರು. ವಾಪಸ್ಸು ಬಂದೆ. ಒಂದನೇ ತಾರೀಖು ಪಟ್ಟಿ ಬಂತು. ನನ್ನ ಹೆಸರಿತ್ತು. ಸಿಹಿ ಹಂಚಿದರು, ತಿಂದೆ.

ಆಮೇಲೆ ನಿನ್ನ ಅಹವಾಲು ಬಂತು. ಪುಸ್ತಕದಲ್ಲಿ ತಡೆ ಇದೆ ಅಂತಿದ್ದದ್ದರಿಂದ ಏಳನೇ ನಮೂನೆ ತಾನಾಗಿಯೇ ಮೇಜಿಗೆ ಬಂತು. ತುಂಬಿದೆ. ಅಜಾಗರೂಕತೆ ಅನ್ನುವ ಪದವನ್ನು ನಾನು ಬರೆಯಬೇಕಾಗಿರಲಿಲ್ಲ, ಅದು ಮೊದಲೇ ಅಚ್ಚಾಗಿತ್ತು. ಅದೊಂದನ್ನೇ ನೆಪ ಮಾಡಿಕೊಂಡು ಆವತ್ತು ಮನೆಗೆ ಹೋದೆ.

ನಿನ್ನ ಕೊನೆಯ ಕಾಗದ ಬಂದ ದಿನ ಕೂತು ಎಲ್ಲವನ್ನೂ ಬರೆದೆ. ಕಲ್ಲು, ಪುಸ್ತಕ, ನನ್ನ ಅಂಕಿ, ನನ್ನ ಇಪ್ಪತ್ತೈದು ದಿನ, ಸಾಹೇಬರ ಮಾತು, ಎಲ್ಲ. ಇವತ್ತು ಬೆಳಗ್ಗೆ ಮುಖ್ಯ ಎಂಜಿನಿಯರರ ಕೈಗೇ ಕೊಟ್ಟೆ. ನಕಲು ಇದರ ಜೊತೆಗಿದೆ, ಪೊಲೀಸರಿಗೂ ಕೊಡು. ಚಹಾದಂಗಡಿಯ ಗೋಡೆಗೆ ಬೇಕಾದರೆ ಇದನ್ನು ಅಂಟಿಸು. ಮಧ್ಯಾಹ್ನಕ್ಕೆ ನನ್ನನ್ನು ಮನೆಗೆ ಕಳಿಸಿದರು. ಮತ್ತೆ ಕರೆಯುವುದಿಲ್ಲ ಅನ್ನುವುದು ಅವರ ಮುಖದಲ್ಲೇ ಇತ್ತು.

ಇನ್ನೊಂದು ಇದೆ. ಈಗ ಹೇಳಿ ಏನು ಪ್ರಯೋಜನ, ಆದರೂ ಬಚ್ಚಿಟ್ಟು ಬಚ್ಚಿಟ್ಟು ಸಾಕಾಗಿದೆ. ಉಣ್ಣೆ ಉಳಿದಿರಲಿಲ್ಲ. ಅವರಿಗಾಗಿ ತಂದದ್ದರಲ್ಲಿ ಉಳಿದದ್ದನ್ನು ನಿನಗೆ ಹೆಣೆದೆ.

ಪುಟ್ಟಿ


ಮಾರ್ಚ್ 30

ಪುಟ್ಟಿ,

ಮೂರು ತಿಂಗಳಾಯಿತು. ನಿನ್ನ ಅತ್ತಿಗೆ ನಿನಗೆ ಕದ್ದು ಫೋನು ಮಾಡುವುದು ನನಗೆ ಗೊತ್ತು. ಯಾವುದೋ ಔಷಧಿ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದೀಯಂತೆ.

ಮೊದಲು ಸುದ್ದಿ. ಫೆಬ್ರವರಿಯಲ್ಲಿ ಬಂದು ಬಯಲಿನ ಕಬ್ಬಿಣ ಬಿಚ್ಚಿದರು, ಮೂರು ದಿನದಲ್ಲಿ ಸೊಂಟಮುರುಕಕ್ಕೆ ಹಾಕಿದರು. ಮೂರು ದಿನ. ರಸ್ತೆ ವಾಲಿರುವುದನ್ನು ಮುಟ್ಟಿಲ್ಲ, ಅದಕ್ಕೆ ಬೇರೆ ಅರ್ಜಿಯಂತೆ. ಏಳನೇ ನಮೂನೆಯನ್ನು ಹಿಂಪಡೆದಿದ್ದೇವೆ ಅಂತ ಒಂದು ಸಾಲಿನ ಚೀಟಿ ಕಳಿಸಿದ್ದಾರೆ. ತಪ್ಪಾಯಿತು ಅಂತ ಇಲ್ಲ, ಆದರೆ ಅಜಾಗರೂಕತೆ ಅನ್ನುವುದು ಹೋಗಿದೆ. ಅದನ್ನು ನಾನೇ ಚಹಾದಂಗಡಿಯ ಗೋಡೆಗೆ ಅಂಟಿಸಿದೆ. ನಿನ್ನ ಹೇಳಿಕೆಯನ್ನು ಅಂಟಿಸಲಿಲ್ಲ. ಆದರೆ ಎಲ್ಲರೂ ಓದಿದ್ದಾರೆ. ಒಬ್ಬೊಬ್ಬರು ಒಂದೊಂದು ಮಾತು ಆಡಿದರು, ಅವನ್ನು ಬರೆಯುವುದಿಲ್ಲ.

ನನಗೆ ನಿನ್ನ ಮೇಲೆ ಸಿಟ್ಟಿತ್ತು. ಈಗಲೂ ಇದೆ, ಇಲ್ಲ ಅಂದರೆ ನಿನಗೂ ನಂಬಿಕೆ ಬರುವುದಿಲ್ಲ. ಆದರೆ ಮೂರು ತಿಂಗಳು ಕಾಗದ ಬರೆಯದೆ ಕೂತದ್ದು ಅದಕ್ಕಲ್ಲ. ನಿನ್ನ ಮೇಲೆ ಸಿಟ್ಟು ಮಾಡಿಕೊಂಡಷ್ಟು ದಿನ ನನ್ನದನ್ನು ನಾನು ನೋಡಿಕೊಳ್ಳಬೇಕಾಗಿರಲಿಲ್ಲ.

ನವೆಂಬರ್ ಇಪ್ಪತ್ತೆಂಟರ ಬೆಳಗಿನ ಪಾಳಿ ನನ್ನದು. ನಾಲ್ಕೂವರೆಗೆ ಎಚ್ಚರವಾಯಿತು. ಕಿಟಕಿಯಲ್ಲಿ ನೋಡಿದರೆ ಬರೀ ಮಂಜು. ಮೇಷ್ಟ್ರಿಗೆ ಫೋನು ಮಾಡಿ, ಜ್ವರ ಬಂದಿದೆ ಅಂದೆ. ಜ್ವರ ಇರಲಿಲ್ಲ ಪುಟ್ಟಿ. ಚಳಿ ಇತ್ತು, ಸೋಮಾರಿತನ ಇತ್ತು, ಸ್ವಲ್ಪ ಭಯವೂ ಇತ್ತು. "ಮಲ್ಕೊಳ್ಳಿ ಮಲ್ಕೊಳ್ಳಿ, ಬಿಸಿ ನೀರು ಕುಡೀರಿ, ನಾನು ಹೋಗ್ತೀನಿ" ಅಂದರು. ಮಂಜಿನ ದಿನ ಅವರನ್ನು ಕಳಿಸಬೇಡ ಅಂತ ನೀನು ಬರೆದಿದ್ದ ಕಾಗದ ದಿಂಬಿನ ಪಕ್ಕದ ಗೂಡಿನಲ್ಲೇ ಇತ್ತು. ಕಂಬಳಿ ಹೊದ್ದು ಮಲಗಿದೆ. ನಿದ್ದೆಯೂ ಬಂತು.

ಇದನ್ನು ನಿನ್ನ ಅತ್ತಿಗೆಗೂ ಹೇಳಿಲ್ಲ.

ಇನ್ನೊಂದು. ಸೆಪ್ಟೆಂಬರಿನಲ್ಲಿ, ತಡೆ ಮಂಜೂರಾದ ಸುದ್ದಿ ಹೇಳಿದ ದಿನ, ಮೇಷ್ಟ್ರು ನನ್ನನ್ನು ಗಾಡಿಯ ಮರೆಗೆ ಕರೆದುಕೊಂಡು ಹೋದರು. ಎರಡು ಸಲ ಗಂಟಲು ಸರಿ ಮಾಡಿಕೊಂಡರು. "ನಿಮ್ಮ ತಂಗಿಯವರನ್ನ ಒಂದು ಮಾತು ಕೇಳ್ಬೇಕಿತ್ತು. ಈಗ ಬೇಡ. ಆ ತಡೆ ಬರ್ಲಿ. ಅದಿಲ್ದೆ ಈ ರಸ್ತೇಲಿ ಓಡಾಡೋನು ಇನ್ನೊಬ್ಬರನ್ನ ಕಾಯಿಸಬಾರ್ದು" ಅಂದರು. ನಾನು ಬಿದ್ದು ಬಿದ್ದು ನಕ್ಕೆ. ಕಚೇರಿಯಲ್ಲಿ ಕೂತು ಕೆಲಸ ಮಾಡುವವಳು ನಮ್ಮಂಥ ಲಾರಿಯವನನ್ನು ಒಪ್ಪುತ್ತಾಳೆಯೇ ಅಂತ ನನಗೆ. ನಗಬೇಡಿ ಅಂದರು, ನಕ್ಕೆ. ನಿನಗೆ ಬರೆಯಬೇಡಿ ಅಂದರು, ಬರೆಯಲಿಲ್ಲ. ಅದೊಂದು ಮಾತನ್ನು ಮಾತ್ರ ಉಳಿಸಿಕೊಂಡೆ ನೋಡು.

ತಡೆ ಬಂದಿದೆ. ಅದಕ್ಕೇ ಈಗ ಹೇಳಿದೆ.

ನಿನ್ನೆ ಆ ಕಡೆ ಹೋಗುವಾಗ ಗಾಡಿ ನಿಲ್ಲಿಸಿ ಇಳಿದೆ. ಕಲ್ಲುಗಳಿಗೆಲ್ಲ ಕೊನೆಗೂ ಹೊಸ ಬಣ್ಣ ಹೊಡೆದು ಹೊಸ ನಂಬರು ಬರೆದಿದ್ದಾರೆ. ಮೇಷ್ಟ್ರು ತೊಳೆದ ಕಲ್ಲಿನ ಮೇಲೆ ಈಗ ನಲವತ್ತಮೂರು ಅಂತಿದೆ. ಬಣ್ಣ ತೆಳುವಾಗಿದೆ, ಕೆಳಗಿನ ನಲವತ್ತೇಳು ಇನ್ನೂ ಕಾಣುತ್ತದೆ.

ನೀನು ಬಾ ಅಂತ ಬರೆಯಲು ಕೈ ಬರುತ್ತಿಲ್ಲ, ಬರಬೇಡ ಅಂತಲೂ ಬರೆಯಲಾರೆ. ಬೆಳಗ್ಗೆ ಎಂಟೂವರೆಯ ಬಸ್ಸು ಆ ದಾರಿಯಲ್ಲೇ ಬರುತ್ತದೆ, ಹೇಳಿದರೆ ನಿಲ್ಲಿಸುತ್ತಾರೆ. ಕಂಡಕ್ಟರಿಗೆ ನಲವತ್ತೇಳು ಅಂತ ಮಾತ್ರ ಹೇಳಬೇಡ. ಬಯಲಿನಲ್ಲಿ ಇಳಿಸಿ ಹೋಗಿಬಿಡುತ್ತಾನೆ.

ಅಣ್ಣ